ಗಿರಾಕಿಗೂ ಗುಮಾಸ್ತನಿಗೂ ಒಂದೇ ಆ್ಯಪ್ ಏಕೆ?

ಹುಬ್ಬಳ್ಳಿ ಸುತ್ತಮುತ್ತ ಸಾಫ್ಟ್‌ವೇರ್ ಮಾಡಿಸಲು ಬರುವ ವ್ಯಾಪಾರಸ್ಥರು ಮೊದಲ ಭೇಟಿಯಲ್ಲೇ ಹೇಳಿಬಿಡುತ್ತಾರೆ: "ಎಲ್ಲರಿಗೂ ಒಂದೇ ಆ್ಯಪ್ ಇರಲಿ, ಲಾಗಿನ್ ಮಾತ್ರ ಬೇರೆ ಮಾಡಿ." ಖರ್ಚು ಉಳಿಯುತ್ತದೆ ಎಂಬ ಲೆಕ್ಕ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಬ್ಯಾಡಗಿಯ ಕೋಲ್ಡ್ ಸ್ಟೋರೇಜನ್ನೇ ತೆಗೆದುಕೊಳ್ಳಿ. ಸುಗ್ಗಿಯಲ್ಲಿ ಮೆಣಸಿನಕಾಯಿ ಲಾರಿಗಳು ಸಾಲುಗಟ್ಟಿ ನಿಂತಾಗ ಗುಮಾಸ್ತ ತಲೆ ಎತ್ತುವಂತಿಲ್ಲ. ಲಾಟ್ ಸಂಖ್ಯೆ, ತಳಿ ಡಬ್ಬಿಯೋ ಕಡ್ಡಿಯೋ, ತೂಕ, ಯಾವ ಕೋಣೆ, ಎಲ್ಲವನ್ನೂ ಒಂದೇ ಓಟದಲ್ಲಿ ತುಂಬಬೇಕು. ಅವನಿಗೆ ದೊಡ್ಡ ಪರದೆ ಬೇಕು, ಮೌಸ್ ಮುಟ್ಟದೆ ಕೀಲಿಮಣೆಯಲ್ಲೇ ಮುಗಿಯುವ ಕೆಲಸ ಬೇಕು. ರೈತನ ಪ್ರಶ್ನೆಗಳು ಎರಡೇ: ನನ್ನ ಚೀಲ ಎಷ್ಟಿವೆ, ಬಾಡಿಗೆ ಎಷ್ಟಾಯಿತು? ಇಬ್ಬರನ್ನೂ ಒಂದೇ ಪರದೆಗೆ ತಂದು ಕೂರಿಸಿದರೆ ಗುಮಾಸ್ತನ ಕೈ ನಿಧಾನವಾಗುತ್ತದೆ, ರೈತ ಗಾಬರಿಯಾಗಿ ಫೋನ್ ಮಾಡುತ್ತಾನೆ. ಆ ಫೋನ್ ಎತ್ತಬೇಕಾದವನೂ ಅದೇ ಗುಮಾಸ್ತ!

ಒಂದೇ ಇರಬೇಕಾದದ್ದು ದತ್ತಾಂಶ. ಬ್ಯಾಂಕಿನ ಕೌಂಟರಿನಲ್ಲಿರುವವರು ಬಳಸುವುದು ಬೇರೆ ತಂತ್ರಾಂಶ, ನಮ್ಮ ಮೊಬೈಲಿನಲ್ಲಿರುವುದು ಬೇರೆ. ಆದರೂ ಎರಡರಲ್ಲಿಯೂ ಕಾಣುವುದು ಅದೇ ಖಾತೆಯ ಅದೇ ಮೊತ್ತ. ಓಲಾ, ಉಬರ್ ಕೂಡ ಚಾಲಕರಿಗೆ ಬೇರೆಯದೇ ಆ್ಯಪ್ ಕೊಟ್ಟಿವೆ.

ಇನ್ನು, ಆ್ಯಪ್ ಬೇರೆ ಮಾಡಿದೊಡನೆ ಭದ್ರತೆ ಬಂತು ಎನ್ನುವ ನನ್ನದೇ ವೃತ್ತಿಬಾಂಧವರ ವಾದವೂ ಪೊಳ್ಳು. ಪರದೆಯ ಮೇಲಿನ ಗುಂಡಿಯನ್ನು ಮರೆಮಾಡಿದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಕೇಳುತ್ತಿರುವವರು ಯಾರು, ಈ ರಸೀದಿ ಅವರದೇ ಹೌದೇ ಎಂದು ಪ್ರತಿ ಬಾರಿಯೂ ಸರ್ವರ್ ಪರೀಕ್ಷಿಸಬೇಕು. ಇಲ್ಲವಾದರೆ ವೆಬ್ ವಿಳಾಸದಲ್ಲಿನ ರಸೀದಿ ಸಂಖ್ಯೆ 1041 ಅನ್ನು 1042 ಮಾಡಿದವನಿಗೆ ಪಕ್ಕದವನ ದಾಸ್ತಾನು ಕಾಣುತ್ತದೆ. ಟೆಂಡರಿನಲ್ಲಿ ದರ ಬರೆಯುವ ಪೇಟೆಯಲ್ಲಿ ಯಾರ ಬಳಿ ಎಷ್ಟು ಮಾಲಿದೆ ಎಂಬ ಸುದ್ದಿಗೆ ಬೆಲೆ ಇದೆ. ವೆಬ್ ಭದ್ರತೆಯ ದೋಷಗಳನ್ನು ಪಟ್ಟಿ ಮಾಡುವ ಓವಾಸ್ಪ್ 2021ರಲ್ಲಿ ಮೊದಲ ಸ್ಥಾನ ಕೊಟ್ಟದ್ದು ಇಂಥ ಪ್ರವೇಶ ನಿಯಂತ್ರಣದ ಲೋಪಕ್ಕೇ. ಆ್ಯಪ್ ಒಂದಿರಲಿ, ಹತ್ತಿರಲಿ, ಈ ಕೆಲಸ ತಪ್ಪುವುದಿಲ್ಲ.

ಒಂದೇ ಆ್ಯಪ್ ಎನ್ನುವವರ ಒಂದು ಮಾತು ಮಾತ್ರ ನಿಜ: ಗಿರಾಕಿ ಏನು ನೋಡುತ್ತಿದ್ದಾನೆಂದು ಸಿಬ್ಬಂದಿಗೆ ತಿಳಿಯಬೇಕು. ಅದಕ್ಕೆ ಗಿರಾಕಿಯ ಪರದೆಯನ್ನು ತಿದ್ದಲಾಗದಂತೆ, ಕೇವಲ ನೋಡಲು, ಸಿಬ್ಬಂದಿಗೆ ಕೊಟ್ಟರಾಯಿತು. ಯಾರು ಯಾವಾಗ ನೋಡಿದರು ಎಂಬುದೂ ದಾಖಲಾಗಲಿ.

ಖರ್ಚಿನ ಮಾತಿಗೆ ಬಂದರೆ, ಹೆಚ್ಚಿನ ದುಡಿಮೆ ಇರುವುದು ಸರ್ವರಿನಲ್ಲಿ. ಅದನ್ನು ಬರೆಯುವುದು ಒಮ್ಮೆಯೇ. ಅಷ್ಟಕ್ಕೂ ಎರಡೇ ಪ್ರಶ್ನೆಯಿರುವ ರೈತನಿಗೆ ಆ್ಯಪ್ ಏಕೆ? ಚೀಲ ಇಳಿದಾಗ ಒಂದು, ಎತ್ತಿದಾಗ ಒಂದು ಕನ್ನಡದ ಎಸ್‌ಎಂಎಸ್ ಸಾಕು.