ಸ್ಪ್ರೇ ಹೊಡೆದು ಆಡಿಸಿದ್ದು ಸಾಕು

ಮಳೆ ಬಿಟ್ಟರೆ ಸಾಕು, ನಮ್ಮ ಕಡೆ ಹೊನಲು ಬೆಳಕಿನ ವಾಲಿಬಾಲ್ ಶುರು. ಶಿರಸಿ, ಸಿದ್ದಾಪುರ, ಕುಮಟಾ, ಎಲ್ಲಿ ನೋಡಿದರೂ ಬ್ಯಾನರ್. ಯಾವುದೇ ತಂಡದ ಬ್ಯಾಗ್ ತೆರೆಯಿರಿ, ಸ್ಪ್ರೇ ಡಬ್ಬಿ ಮತ್ತು ನೋವಿನ ಮಾತ್ರೆ ಇದ್ದೇ ಇರುತ್ತದೆ. ರಾತ್ರಿಯೆಲ್ಲಾ ಜಿಗಿದು ಸ್ಮ್ಯಾಷ್ ಹೊಡೆದ ಹುಡುಗ ಮರುದಿನ ಗೋಡೆ ಹಿಡಿದು ಮೆಟ್ಟಿಲು ಇಳಿಯುತ್ತಾನೆ. ಮಂಡಿಚಿಪ್ಪಿನ ಕೆಳತುದಿ ಒತ್ತಿದರೆ "ಅಯ್ಯೋ, ಅಲ್ಲೇ!" ಅಂತಾನೆ. ಫಿಸಿಯೋಗಳು ಇದನ್ನೇ ಜಂಪರ್ಸ್ ನೀ ಅನ್ನುವುದು: ಜಿಗಿದು ಜಿಗಿದು ಮಂಡಿಚಿಪ್ಪಿನ ಕೆಳಗಿನ ಟೆಂಡನ್, ಅಂದರೆ ಸ್ನಾಯುವಿನ ಎಳೆತವನ್ನು ಮೂಳೆಗೆ ಮುಟ್ಟಿಸುವ ಗಟ್ಟಿ ಹುರಿ, ನೋಯುವುದು.

ಊರಲ್ಲಿ ಇದಕ್ಕೆ ಎರಡೇ ಸಲಹೆ. ಮಾತ್ರೆ ನುಂಗಿ ಆಡು, ಇಲ್ಲಾ ಎರಡು ತಿಂಗಳು ಸುಮ್ನೆ ಕೂರು. ನನಗೆ ಎರಡೂ ಒಪ್ಪಿಗೆಯಿಲ್ಲ. ಮಾತ್ರೆಯಿಂದ ನೋವು ಮುಚ್ಚಿಹೋಗುತ್ತದೆ, ಟೆಂಡನ್ ಮೇಲಿನ ಹೊರೆ ಹಾಗೇ ಉಳಿಯುತ್ತದೆ. ಪೂರ್ತಿ ರೆಸ್ಟ್ ಕೊಟ್ಟರೆ ಟೆಂಡನ್ ಇನ್ನಷ್ಟು ಸೋಲುತ್ತದೆ, ವಾಪಸ್ ಬಂದ ಮೊದಲ ಮ್ಯಾಚಿಗೇ ಮತ್ತೆ ಹಿಡಿಯುತ್ತದೆ.

ಬೇಕಿರುವುದು ಅಳತೆಯ ಭಾರ. ಮೊದಲು ಗೋಡೆಗೆ ಬೆನ್ನು ಕೊಟ್ಟು, ಮಂಡಿ ಮಡಚಿ, ಹಾಗೇ 45 ಸೆಕೆಂಡ್. ಬಿಡುವು ಕೊಟ್ಟು ಐದು ಸಲ. 20ಕ್ಕೆ ತೊಡೆ ನಡುಗುತ್ತದೆ, 30ಕ್ಕೆ ಹುಡುಗ ನಿಮ್ಮನ್ನು ಬೈಯಲು ಶುರುಮಾಡುತ್ತಾನೆ. ಕೆಲವರಿಗೆ ನೋವು ಅಲ್ಲೇ ಇಳಿಯುತ್ತದೆ, ಎಲ್ಲರಿಗೂ ಅಲ್ಲ. ಆಮೇಲೆ ನಿಧಾನದ ಸ್ಕ್ವಾಟ್, ಆಮೇಲೆ ತೂಕ, ಜಿಗಿತ ಕಡೆಗೆ. ನೋವಿಗೆ 10ರಲ್ಲಿ ಅಂಕ ಕೊಟ್ಟರೆ 3ರವರೆಗೆ ನಡೆಯುತ್ತದೆ. ಮರುದಿನ ಬೆಳಿಗ್ಗೆ ಜಾಸ್ತಿಯಾಗಿದ್ದರೆ ಭಾರ ಇಳಿಸಬೇಕು. ಇದಕ್ಕೆ ತಿಂಗಳುಗಳೇ ಬೇಕು, ಅದಕ್ಕೇ ಯಾರಿಗೂ ಇಷ್ಟವಿಲ್ಲ.

ಮೀನಖಂಡದಿಂದ ಹಿಮ್ಮಡಿಗೆ ಇಳಿಯುವ ಟೆಂಡನ್ನಿನ ನೋವಿಗೂ ಇಂಥದ್ದೇ ದಾರಿ. ಸ್ವೀಡನ್ನಿನ ಡಾಕ್ಟರ್ ಹೋಕನ್ ಆಲ್ಫ್ರೆಡ್ಸನ್ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ್ದು: ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನಕ್ಕೆ ಕೆಳಗಿಳಿಸುವುದು, 15ರಂತೆ ಮೂರು ಸುತ್ತು, ದಿನಕ್ಕೆರಡು ಸಲ, 12 ವಾರ. ನಮ್ಮ ಮನೆಗಳ ಜಗುಲಿ ಮೆಟ್ಟಿಲೇ ಸಾಕು. ಕಾರವಾರದ ಬೀಚಿನಲ್ಲಿ ಓಡುವವರು ಇದನ್ನು ಮಾಡಲೇಬೇಕು. ಸಡಿಲ ಮರಳು ಮಂಡಿಗೆ ಮೆತ್ತಗಿದ್ದರೂ ಮೀನಖಂಡಕ್ಕೆ ದುಡಿತ ಜಾಸ್ತಿ.

ಐಸ್? ಹಚ್ಚಿದರೆ ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಅಷ್ಟೆ. 1978ರಲ್ಲಿ ಐಸ್ ಮತ್ತು ರೆಸ್ಟ್ ಸೂತ್ರ ಕೊಟ್ಟ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ ಆಮೇಲೆ, ಅದರಿಂದ ವಾಸಿಯಾಗುವುದು ತಡವಾಗಬಹುದು ಅಂದರು. ಮಂಡಿಗೆ ಅಂಟಿಸುವ ಬಣ್ಣದ ಟೇಪ್ ಫೋಟೋದಲ್ಲಿ ಚೆಂದ. ಹಾಂ, ಟಕ್ಕಂತ ಶಬ್ದ ಬಂದು ಊದಿಕೊಂಡರೆ, ಕಾಲೂರಲು ಆಗದಿದ್ದರೆ ಇದ್ಯಾವುದೂ ಬೇಡ. ಎಣ್ಣೆ ತಿಕ್ಕುವವರ ಹತ್ತಿರವೂ ಬೇಡ, ಸೀದಾ ಆಸ್ಪತ್ರೆಗೆ ಹೋಗಿ.

ಇನ್ನೊಂದು, ನಿದ್ದೆ. ನಿದ್ದೆಗೆಟ್ಟ ಮೈಗೆ ಅದೇ ನೋವು ಜಾಸ್ತಿ ಅನ್ನಿಸುತ್ತದೆ. ನಾವು ಫೈನಲ್ ಆಡಿಸುವುದು ಬೆಳಗಿನ ಜಾವಕ್ಕೆ! ಸಂಘಟಕರೇ, ಲೀಗ್, ಸೆಮಿ, ಫೈನಲ್ ಎಲ್ಲಾ ಒಂದೇ ರಾತ್ರಿ ಮುಗಿಸುವ ಹಠ ಬಿಡಿ. ಎರಡು ಸಂಜೆಗೆ ಹಂಚಿ. ಊಟದ ಖರ್ಚು ಏರುತ್ತದೆ, ಗೊತ್ತು. ಆಳೆತ್ತರದ ಟ್ರೋಫಿಯನ್ನು ಒಂದು ಮೊಳ ಇಳಿಸಿ, ಲೆಕ್ಕ ಸರಿಹೋಗುತ್ತದೆ.