‘ಗೇರ್‌ಬಾಕ್ಸ್ ಹೋಗಿದೆ’ ಅಂದ ಕೂಡಲೇ ಒಪ್ಪಬೇಡಿ

ಹಳೇ ಆಟೊಮ್ಯಾಟಿಕ್ ಕಾರು ಸ್ವಲ್ಪ ಜರ್ಕ್ ಹೊಡೆದರೆ ಸಾಕು, ‘ಗೇರ್‌ಬಾಕ್ಸ್ ಹೋಗಿದೆ, ಇಳಿಸಲೇಬೇಕು’ ಅನ್ನುವವರು ತುಂಬಾ ಜನ. ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಗೇರ್‌ಬಾಕ್ಸ್ ಆಯಿಲ್ ನೋಡಿರುವುದಿಲ್ಲ, ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿರುವುದಿಲ್ಲ, ಓಡಿಸಿಯೂ ನೋಡಿರುವುದಿಲ್ಲ. ಇಷ್ಟು ದೊಡ್ಡ ಖರ್ಚಿನ ಮಾತನ್ನು ಅಷ್ಟು ಸಲೀಸಾಗಿ ಹೇಳಬಾರದು ಅಲ್ವಾ? (ನಾನು ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ, ಇರುವ ಆಟೊಮ್ಯಾಟಿಕ್ ಬಗ್ಗೆ. ಸಿವಿಟಿ, ಎಎಂಟಿ ಅನ್ನೋ ಇನ್ನಿತರ ಬಗೆಯ ಆಟೊಮ್ಯಾಟಿಕ್‌ಗಳ ಕಥೆ ಬೇರೆ.)

ಮೊದಲು ಆಯಿಲ್. ಇಲ್ಲಿ ಆಯಿಲ್ ಇರುವುದು ಬರೀ ಸವೆತ ತಪ್ಪಿಸಲು ಅಲ್ಲ. ಗೇರ್ ಹಿಡಿಸುವ ಒಳಗಿನ ಕ್ಲಚ್ ಪ್ಲೇಟ್‌ಗಳನ್ನು ಒತ್ತಿ ಹಿಡಿಯುವುದು ಅದರ ಪ್ರೆಶರ್, ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್‌ನಲ್ಲಿ ದಾಟಿಸುವುದೂ ಅದೇ, ಬಿಸಿಯನ್ನು ಹೊರಗೆ ಒಯ್ಯುವುದೂ ಅದೇ. ಲೆವೆಲ್ ಕಮ್ಮಿಯಾದರೆ ಪಂಪ್ ಗಾಳಿ ಎಳೆಯುತ್ತದೆ, ಪ್ರೆಶರ್ ಬೀಳುತ್ತದೆ, ಲಿವರ್ ಡಿಗೆ (ಡ್ರೈವ್) ಹಾಕಿದ ಮೇಲೂ ಕಾರು ಒಂದೆರಡು ಸೆಕೆಂಡ್ ಸುಮ್ನೆ ನಿಂತು ಆಮೇಲೆ ಧಡ್ ಅಂತ ಎಳೆಯುತ್ತದೆ. ಜಾಸ್ತಿ ಹಾಕಿದರೂ ತೊಂದರೆಯೇ, ನೊರೆ ಏಳುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಇರುವ ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಬಿಸಿಯಾದ ಮೇಲೆ, ಸಮತಟ್ಟು ಜಾಗದಲ್ಲಿ, ಪಾರ್ಕ್‌ನಲ್ಲಿ ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ನೋಡಬೇಕು. ಹೋಂಡಾದ ಹಲವು ಗಾಡಿಗಳಲ್ಲಿ ಎಂಜಿನ್ ಆಫ್ ಮಾಡಿ ನೋಡಬೇಕು. ಕಾರಿನ ಜೊತೆ ಬಂದ ಮ್ಯಾನುಯಲ್ ಪುಸ್ತಕ ತೆರೆದು ನೋಡಿಬಿಡಿ.

ಬಣ್ಣವೂ ಬಹಳ ಹೇಳುತ್ತದೆ. ಸಾಮಾನ್ಯವಾಗಿ ಹೊಸ ಆಯಿಲ್ ಕೆಂಪಗಿರುತ್ತದೆ. ಕಂದು ಅಂದರೆ ಹಳತಾಗಿದೆ. ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ. ಗುಲಾಬಿ ಹಾಲಿನಂತೆ ಕಂಡರೆ ಸಾಮಾನ್ಯವಾಗಿ ರೇಡಿಯೇಟರ್ ಒಳಗಿನ, ಈ ಆಯಿಲನ್ನು ತಣಿಸುವ ಕೂಲರ್ ಒಡೆದು ಕೂಲಂಟ್ ಸೇರಿದೆ ಎಂದರ್ಥ, ಆಗ ಗಾಡಿ ಓಡಿಸಲೇಬೇಡಿ, ಆ ನೀರು ಪ್ಲೇಟ್‌ಗಳ ಮೇಲಿನ ಲೈನಿಂಗನ್ನು ಹಾಳುಮಾಡುತ್ತದೆ.

ಆಮೇಲೆ ಸ್ಕ್ಯಾನರ್. ಪಿ0700 ಅನ್ನೋ ಕೋಡ್ ಬಂದರೆ ಗಾಬರಿಯಾಗಬೇಡಿ. ‘ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿ ಏನೋ ದಾಖಲಾಗಿದೆ, ಅಲ್ಲಿ ನೋಡಿ’ ಅಂತಷ್ಟೇ ಅದರ ಅರ್ಥ. ಆ ಕಂಪ್ಯೂಟರನ್ನು ಓದಬಲ್ಲ ಸ್ಕ್ಯಾನರ್ ಬೇಕು. ಒಳಗೆ ಪಿ0715 ಅಥವಾ ಪಿ0720 ಸಿಕ್ಕರೆ ಅದು ಸ್ಪೀಡ್ ಸೆನ್ಸರ್ ಸರ್ಕ್ಯೂಟಿನ ದೂರು. ಎಷ್ಟೋ ಕಾರುಗಳಲ್ಲಿ ಆ ಸೆನ್ಸರ್ ಹೊರಗಡೆಯೇ ಇರುತ್ತದೆ, ಗೇರ್‌ಬಾಕ್ಸ್ ಇಳಿಸದೆಯೇ ಬದಲಿಸಬಹುದು. ಪಿ0730 ಬಂದರೆ, ಅಂದರೆ ಗೇರ್ ರೇಶಿಯೊ (ಗೇರ್‌ಬಾಕ್ಸ್ ಒಳಬರುವ, ಹೊರಹೋಗುವ ವೇಗಗಳ ಲೆಕ್ಕ) ತಪ್ಪುತ್ತಿದ್ದರೆ, ಸ್ವಲ್ಪ ಚಿಂತೆ ಮಾಡಬೇಕು. ಅದಕ್ಕೂ ಮುಂಚೆ ಬ್ಯಾಟರಿ ವೋಲ್ಟೇಜ್, ಅರ್ತ್ ವೈರ್, ಕನೆಕ್ಟರ್ ನೋಡಿಸಿ. ಆಯಿಲ್ ದಾರಿಯನ್ನು ತೆರೆದು ಮುಚ್ಚುವ ಸೊಲೆನಾಯ್ಡ್‌ಗಳು ಕರೆಂಟಿನ ಮೇಲೆ ಕೆಲಸ ಮಾಡುವಂಥವು, ಅರ್ತ್ ಸಡಿಲವಾಗಿದ್ದರೆ ಗೇರ್ ಹುಚ್ಚಾಪಟ್ಟೆ ಬೀಳುತ್ತದೆ.

60ರಿಂದ 80 ಕಿಲೋಮೀಟರ್ ವೇಗದಲ್ಲಿ, ಆಕ್ಸಿಲರೇಟರ್ ಹಗುರವಾಗಿ ಒತ್ತಿರುವಾಗ ಗಡಗಡ ನಡುಗುತ್ತದೆ ಅನ್ನೋ ದೂರು ಬಹಳ ಸಾಮಾನ್ಯ. ಇದಕ್ಕೊಂದು ಒಳ್ಳೆಯ ಪರೀಕ್ಷೆ ಇದೆ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಆಕ್ಸಿಲರೇಟರ್ ಹಾಗೇ ಇಟ್ಟು ಬ್ರೇಕ್ ಪೆಡಲನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಹೆಚ್ಚಿನ ಕಾರುಗಳಲ್ಲಿ ಆಗ ಟಾರ್ಕ್ ಕನ್ವರ್ಟರ್‌ನ ಲಾಕಪ್ ಕ್ಲಚ್, ಅಂದರೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುವ ಕ್ಲಚ್, ಬಿಟ್ಟುಕೊಳ್ಳುತ್ತದೆ. ನಡುಕ ತಕ್ಷಣ ನಿಂತರೆ ಅನುಮಾನ ಲಾಕಪ್ ಮೇಲೆ, ಸರಿಯಾದ ಗ್ರೇಡಿನ ಹೊಸ ಆಯಿಲ್ ಹಾಕಿದರೆ ಎಷ್ಟೋ ಸಲ ಅದು ವಾಸಿಯಾಗುತ್ತದೆ. ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್ ಕಡೆ ನೋಡಿ. ಎಂಜಿನ್ ಮಿಸ್ಸಿಂಗನ್ನು (ಸಿಲಿಂಡರ್ ಸರಿಯಾಗಿ ಉರಿಯದಿರುವುದನ್ನು) ಗೇರ್‌ಬಾಕ್ಸ್ ತಲೆಗೆ ಕಟ್ಟುವುದು ತುಂಬಾ ನಡೆಯುತ್ತದೆ.

ಹಳೇ ಗಾಡಿಗೆ ಆಯಿಲ್ ಬದಲಿಸಿದರೆ ಗೇರ್‌ಬಾಕ್ಸ್ ಕೆಡುತ್ತದೆ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆ ಕೆಟ್ಟ ಎಷ್ಟೋ ಗೇರ್‌ಬಾಕ್ಸ್‌ಗಳಲ್ಲಿ ಕ್ಲಚ್ ಮೊದಲೇ ಸವೆದಿರುತ್ತದೆ, ಜಾರಲು ಶುರುವಾದ ಮೇಲೆ ಜನ ಆಯಿಲ್ ನೆನಪಿಸಿಕೊಳ್ಳುತ್ತಾರೆ, ಕೊನೆಗೆ ಕೆಟ್ಟ ಹೆಸರು ಆಯಿಲ್‌ಗೆ ಬರುತ್ತದೆ. ಗೇರ್‌ಬಾಕ್ಸ್ ತಯಾರಿಸುವ ಜೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ ಅನ್ನುತ್ತದೆ. ಆದರೆ ಪ್ರೆಶರ್ ಹಾಕಿ ಫ್ಲಶ್ ಮಾಡಿಸಬೇಡಿ. ಡ್ರೈನ್ ಮಾಡಿ, ಇಳಿದಷ್ಟೇ ತುಂಬಿಸಿ. ಕನ್ವರ್ಟರ್ ಒಳಗೆ ಸಾಕಷ್ಟು ಹಳೇ ಆಯಿಲ್ ಉಳಿಯುತ್ತದೆ, ಸ್ವಲ್ಪ ಓಡಿಸಿ ಮತ್ತೆ ಬದಲಿಸಿದರಾಯಿತು.

ಗೇರ್‌ಬಾಕ್ಸ್ ತಳದ ಆಯಿಲ್ ಪ್ಯಾನ್ ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡಿ. ಮ್ಯಾಗ್ನೆಟ್ ಮೇಲೆ ನುಣ್ಣನೆಯ ಬೂದು ಪೇಸ್ಟ್ ಇದ್ದರೆ ಅದು ಮಾಮೂಲು. ಲೋಹದ ಚೂರುಗಳಿದ್ದು, ಗಾಡಿ ಬಿಸಿಯಾದ ಮೇಲೆ ಆರ್‌ಪಿಎಂ ಏರಿದರೂ ವೇಗ ಏರದೆ, ರಿವರ್ಸ್ ಕೂಡ ಹಿಡಿಯದಿದ್ದರೆ ಗೇರ್‌ಬಾಕ್ಸ್ ನಿಜಕ್ಕೂ ಹೋಗಿದೆ, ಇನ್ನು ಆಯಿಲ್ ಹಾಕಿ ಕಾಯುವುದು ಬೇಡ. ಓವರ್‌ಹಾಲ್ ಮಾಡಿಸುವಾಗ ಕೂಲರನ್ನೂ ಅದರ ಪೈಪ್‌ಗಳನ್ನೂ ತೊಳೆಸಿ ಅಥವಾ ಬದಲಿಸಿ, ಕನ್ವರ್ಟರ್ ಬಗ್ಗೆಯೂ ಕೇಳಿ. ಅಲ್ಲಿ ಉಳಿದ ಚೂರುಗಳು ಹೊಸ ಕ್ಲಚ್ ಪ್ಲೇಟ್‌ಗಳನ್ನೂ ತಿನ್ನುತ್ತವೆ.