‘ಎಕ್ಸ್’ ಸರಕಿನ ಮೇಷ್ಟ್ರು

28 ವರ್ಷ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿದವನು ನಾನು. ಬೇಡಿಕೆ ರೇಖೆ ಇಳಿಯುತ್ತೆ, ಪೂರೈಕೆ ರೇಖೆ ಏರುತ್ತೆ, ಎರಡೂ ಕೂಡೋ ಕಡೆ ಚುಕ್ಕೆ ಇಡಿ, ಅದೇ ದರ, ಬರ್ಕೊಳ್ಳಿ. ಸರಕು ಯಾವುದು? ‘ಎಕ್ಸ್’! ಬೆಳಿಗ್ಗೆವರೆಗೂ ಅಡಿಕೆ ಸುಲಿದು, ಚೊಗರಿನ ಕಲೆ ಹೋಗದ ಬೆರಳಲ್ಲೇ ಮಕ್ಕಳು ಆ ‘ಎಕ್ಸ್’ ಬರ್ಕೊಂಡವು. ನನಗೆ ನಾಚಿಕೆ ಆಗಿದ್ದು ನಿನ್ನೆ.

ತಂಗಿ ಮಗಳು ಶಿವಮೊಗ್ಗದ ಒಂದು ಕಾಲೇಜಲ್ಲಿ ಪಾಠ ಮಾಡ್ತಾಳೆ. “ಮಾವ, ಹಿಂದಿನ ಬೆಂಚಲ್ಲಿ ಕೂತ್ಕಳಿ, ಬಾಯಿ ಮಾತ್ರ ಹಾಕ್ಬೇಡಿ” ಅಂತ ಷರತ್ತು ಹಾಕಿ ಕರ್ಕೊಂಡು ಹೋದಳು. 12 ಮಕ್ಕಳು. ಆರು ಜನ ರಾಶಿ ಇಡಿ ಅಡಿಕೆ ಮಾರೋರು, ಆರು ಜನ ಕೊಳ್ಳೋರು, ಎಲ್ಲರಿಗೂ ಒಂದೊಂದು ಕ್ವಿಂಟಾಲಿನ ಲೆಕ್ಕ. ಮಾರೋರ ಕಾರ್ಡಲ್ಲಿ 25 ಸಾವಿರದಿಂದ 50ರವರೆಗೆ ಐದೈದರ ಅಂತರದಲ್ಲಿ ಅಸಲು. ಅದಕ್ಕಿಂತ ಕಮ್ಮಿಗೆ ಕೊಡಂಗಿಲ್ಲ. ಕೊಳ್ಳೋರಿಗೆ 60ರಿಂದ 35ರವರೆಗೆ, ಅದನ್ನ ಮೀರಂಗಿಲ್ಲ. ಒಬ್ಬರ ಕಾರ್ಡು ಇನ್ನೊಬ್ಬರಿಗೆ ತೋರಿಸಂಗಿಲ್ಲ. ಕೂಗಿ, ಅಷ್ಟೇ.

ಮೊದಲ ಸುತ್ತಲ್ಲಿ ಒಬ್ಬ 52 ಕೊಟ್ಟು ಕೊಂಡ, ಒಬ್ಬಳು 33ಕ್ಕೇ ಮಾರಿ ಕೂತಳು. ಸಂತೆ ಗದ್ದಲ. ಅದೇ ಕಾರ್ಡಲ್ಲಿ ಮತ್ತೆ, ಮತ್ತೆ ಆಡಿಸಿದಳು. ನಾಲ್ಕನೇ ಸುತ್ತಿಗೆ ದರ 42ರ ಆಚೀಚೆ ಬಂದು ನಿಂತಿತು, ನಾಲ್ಕೇ ವ್ಯಾಪಾರ. ನಾನು ಬಸ್ ಟಿಕೆಟ್ ಹಿಂದೆ ರೇಖೆ ಎಳೆದು ನೋಡಿದೆ. 40ಕ್ಕೂ 45ಕ್ಕೂ ನಡುವೆ. ನನ್ನ ದರಿದ್ರ ಚುಕ್ಕೆ! ಯಾರೂ ಇಡದೆ ತಾನೇ ಬಂದು ಕೂತಿತ್ತು.

ಇದೇನು ನಿನ್ನೆ ಮೊನ್ನೆಯ ಆಟ ಅಲ್ಲ. ಹಾರ್ವರ್ಡಿನಲ್ಲಿ ಚೇಂಬರ್ಲಿನ್ ಅನ್ನೋ ಅರ್ಥಶಾಸ್ತ್ರದ ಮೇಷ್ಟ್ರು ಇಂಥದ್ದನ್ನ ಆಡಿಸಿ 1948ರಲ್ಲೇ ಬರೆದಿದ್ರು. ಅವರ ಮಕ್ಕಳು ಇಬ್ಬಿಬ್ಬರೇ ಸೇರಿ ಚೌಕಾಸಿ ಮಾಡಿದ್ರು, ದರ ಒಂದು ಕಡೆ ನಿಲ್ಲಲಿಲ್ಲ. ಅವರ ಶಿಷ್ಯ ವರ್ನನ್ ಸ್ಮಿತ್ 1956ರಿಂದ ಎಲ್ಲರೆದುರು ಕೂಗಿಸಿದ, ಸುತ್ತಿನ ಮೇಲೆ ಸುತ್ತು ಆಡಿಸಿದ, ನಿಂತಿತು. 2002ರಲ್ಲಿ ನೊಬೆಲ್. ನಾನು 2002ರಲ್ಲಿ ‘ಎಕ್ಸ್’ ಬರೆಸ್ತಿದ್ದೆ.

ಸಂಜೆ ಹಳೆಯ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. “ಆಟ ಆಡ್ತಾ ಕೂತ್ರೆ ಸಿಲಬಸ್ ಯಾರು ಮುಗಿಸ್ತಾರ್ರೀ? ಮಂಡಿ ಹಂಗಿರುತ್ತಾ?” ಅಂದರು. ಇರಲ್ಲ ಸ್ವಾಮಿ. ಟೆಂಡರಿನಲ್ಲಿ ಒಬ್ಬ ಹಾಕಿದ ದರ ಇನ್ನೊಬ್ಬನಿಗೆ ಕಾಣೋದೇ ಇಲ್ಲ. ದರ ಏರಿತು ಅಂತ ಸಸಿ ನೆಟ್ಟರೆ ಫಸಲು ಕಾಣೋಕೆ ಐದಾರು ವರ್ಷ; ಅಷ್ಟರಲ್ಲಿ ಇದ್ದ ತೋಟಕ್ಕೆ ಕೊಳೆರೋಗ ಬಂದು ಅರ್ಧ ಕಾಯಿ ಉದುರಿರುತ್ತೆ. ನೀವು ಮುಗಿಸಿದ ಸಿಲಬಸ್ಸಲ್ಲಿ ಇದು ಯಾವ ಪಾಠದಲ್ಲಿತ್ತು, ಸ್ವಲ್ಪ ಹೇಳಿ?

50ರ ಕಾರ್ಡು ಬಂದಿದ್ದ ತೀರ್ಥಹಳ್ಳಿ ಕಡೆ ಹುಡುಗಿ ಕೊನೇ ಸುತ್ತಲ್ಲಿ ಮಾರಲಾಗದೆ ಉಳಿದಳು. “ಮೇಡಂ, ನಮ್ಮಪ್ಪ ಆಗಿದ್ರೆ 40ಕ್ಕೇ ಕೊಟ್ಬಿಡ್ತಿದ್ರು” ಅಂದಳು. ಯಾಕೆ? “ಮಾರ್ಚಲ್ಲಿ ಸೊಸೈಟಿ ಸಾಲ ಕಟ್ಬೇಕಲ್ಲ. ಕಾರ್ಡಲ್ಲಿ ಅದನ್ನ ಬರ್ದೇ ಇಲ್ಲ.” ಕ್ಲಾಸು ಗಪ್‌ಚಿಪ್. 28 ವರ್ಷದಲ್ಲಿ ಒಂದು ಮಗುವೂ ನನ್ನ ‘ಎಕ್ಸ್’ ಬಗ್ಗೆ ಹೀಗೆ ತಕರಾರು ತೆಗೆದಿರಲಿಲ್ಲ. ಎಲ್ಲಿಂದ ತೆಗೀತಾವೆ? ‘ಎಕ್ಸ್’ಗೆ ಅಪ್ಪನೂ ಇಲ್ಲ, ಸಾಲವೂ ಇಲ್ಲ.

ನಾಳೆ ನಾನೂ ಮೂರು ಚೀಲ ಮಂಡಿಗೆ ಹಾಕ್ತಿದೀನಿ. ನನ್ನ ಕಾರ್ಡಲ್ಲಿ ಎಷ್ಟಿದೆ ಅಂತ ಕಮೆಂಟಲ್ಲಿ ಕೇಳಬೇಡಿ, ಫ್ರೆಂಡ್ ಲಿಸ್ಟಲ್ಲಿ ವ್ಯಾಪಾರಿಗಳೂ ಇದ್ದಾರೆ.